ಆಪರೇಷನ್‌ಗೆ ಮುಂಚೆ ಹಸಿರು ಬಣ್ಣದ ಇಂಜೆಕ್ಷನ್: ಪಿತ್ತ ಜಾಸ್ತಿ ಹರಿದರೆ ಬಣ್ಣ ಬೇಗ ಹೊರಗೆ ಹೋಗುತ್ತದಾ?

ಮಲ್ಲೇಶ್ವರಂ ಮಗಳು | ಭಾನುವಾರ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ. ಪಿತ್ತಕೋಶದಲ್ಲಿ ಕಲ್ಲಿದೆ. ಬರುವ ಗುರುವಾರ ಲ್ಯಾಪ್ರೊಸ್ಕೋಪಿ ಆಪರೇಷನ್. ಬುಧವಾರ ರಾತ್ರಿ ಐಸಿಜಿ ಅನ್ನುವ ಹಸಿರು ಬಣ್ಣದ ಇಂಜೆಕ್ಷನ್ ಕೊಡುತ್ತಾರಂತೆ. ಅದು ಲಿವರ್ ಮೂಲಕ ಪಿತ್ತಕ್ಕೆ ಸೇರುತ್ತದೆ, ಆಮೇಲೆ ಕ್ಯಾಮೆರಾದಲ್ಲಿ ಪಿತ್ತನಾಳ ಹೊಳೆಯುತ್ತದೆ ಅಂದರು ಡಾಕ್ಟರ್. ಹೊರಗೆ ತುಂಬಾ ಜನ ಕಾಯುತ್ತಿದ್ದರು. ಜಾಸ್ತಿ ಕೇಳಲು ಆಗಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಒಂದೇ ಸಮ ಕೇಳುತ್ತಿದ್ದಾರೆ. ಆ ಬಣ್ಣ ಮೈಯಲ್ಲೇ ಉಳಿದುಬಿಟ್ಟರೆ? ಎರಡು ವಾರದಿಂದ ನೋವಿಗೆ ಹೆದರಿ ಬರೀ ಗಂಜಿ, ತಿಳಿಸಾರು ಅನ್ನ ತಿನ್ನುತ್ತಿದ್ದಾರೆ. ಪಕ್ಕದ ಮನೆ ಆಂಟಿ ಹೇಳಿದರು: "ಜಿಡ್ಡು ತಿನ್ನದೆ ಇದ್ದರೆ ಪಿತ್ತ ಹರಿಯೋದಿಲ್ಲ. ಒಂದು ಚಮಚ ತುಪ್ಪ ತಿಂದರೆ ಪಿತ್ತ ಚೆನ್ನಾಗಿ ಹರಿದು ಬಣ್ಣ ತೊಳೆದುಕೊಂಡು ಹೋಗುತ್ತೆ."

ಇದು ನಿಜವಾ? ಪಿತ್ತ ಜಾಸ್ತಿ ಹರಿದರೆ ಬಣ್ಣ ಬೇಗ ಹೋಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಅಮ್ಮನಿಗೆ ಅರ್ಥ ಆಗುವ ಹಾಗೆ ನಾನು ವಿವರಿಸಬೇಕು.

ಓಟಿ ಸಿಸ್ಟರ್ | ಭಾನುವಾರ, ಬೆಳಿಗ್ಗೆ 11.05

ಮೊದಲು ಒಂದು ಮಾತು. ದಯವಿಟ್ಟು ತುಪ್ಪ ಕೊಡಬೇಡಿ. ಪಿತ್ತಕೋಶದಲ್ಲಿ ಕಲ್ಲು ಇರುವಾಗ ಜಿಡ್ಡು ತಿಂದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಕಲ್ಲು ಬಾಯಿಗೆ ಬಂದು ಸಿಕ್ಕಿಕೊಂಡರೆ ನೋವು ಶುರು. ಊಟ, ಉಪವಾಸ ಎಲ್ಲ ಅನಸ್ತೇಶಿಯಾದವರು ಹೇಳಿದ ಹಾಗೇ ಇರಲಿ.

ಬಣ್ಣದ ಡೋಸ್ ತುಂಬಾ ಸಣ್ಣದು. ಈ ಆಪರೇಷನ್‌ಗೆ ಸಾಮಾನ್ಯವಾಗಿ 2.5 ಮಿಲಿಗ್ರಾಂ ಸುತ್ತಮುತ್ತ ಕೊಡುತ್ತಾರೆ. ಲಿವರ್ ಚೆನ್ನಾಗಿದ್ದರೆ ಪ್ರತಿ 3–4 ನಿಮಿಷಕ್ಕೆ ರಕ್ತದಲ್ಲಿರುವ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ಪಿತ್ತದ ಜೊತೆ ಕರುಳಿಗೆ ಬಂದ ಮೇಲೆ ಮತ್ತೆ ರಕ್ತಕ್ಕೆ ಹೀರಿಕೊಳ್ಳುವುದಿಲ್ಲ. ಮಲದಲ್ಲಿ ಹೋಗುತ್ತದೆ.

ಹಿಂದಿನ ರಾತ್ರಿಯೇ ಯಾಕೆ ಅಂದರೆ, ಆಪರೇಷನ್‌ಗೆ ಸ್ವಲ್ಪ ಮುಂಚೆ ಕೊಟ್ಟರೆ ಲಿವರೇ ಜೋರಾಗಿ ಹೊಳೆಯುತ್ತಿರುತ್ತದೆ. ಪಕ್ಕದಲ್ಲಿರುವ ಸಣ್ಣ ನಾಳ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಸಮಯ ಕೊಟ್ಟರೆ ಲಿವರ್‌ನ ಹೊಳಪು ಇಳಿದು ನಾಳ ಎದ್ದು ಕಾಣುತ್ತದೆ.

ಇನ್ನೊಂದು. ಈ ಬಣ್ಣದ ಪುಡಿಯಲ್ಲಿ ಸ್ವಲ್ಪ ಅಯೋಡೈಡ್ ಇರುತ್ತದೆ. ಅಮ್ಮನಿಗೆ ಅಯೋಡಿನ್ ಅಲರ್ಜಿ ಇದ್ದರೆ, ಅಥವಾ ಯಾವತ್ತಾದರೂ ಸ್ಕ್ಯಾನ್ ಬಣ್ಣಕ್ಕೆ ಮೈ ತುರಿಸಿದ್ದರೆ, ಈಗಲೇ ಡಾಕ್ಟರ್‌ಗೆ ಹೇಳಿ.

ಹಳೇ ಲ್ಯಾಬ್ ಟೆಕ್ನಿಷಿಯನ್ | ಭಾನುವಾರ, ಮಧ್ಯಾಹ್ನ 12.40

ಸಿಸ್ಟರ್ ಸರಿಯಾಗಿ ಹೇಳಿದ್ದಾರೆ ತಾಯಿ. ಧೈರ್ಯವಾಗಿರಿ. ಈ ಬಣ್ಣದ ವಿಷಯ ನೋಡಿ ನನಗೆ 40 ವರ್ಷ ಹಿಂದಿನ ಲ್ಯಾಬ್ ನೆನಪಾಯಿತು. ನಾಲ್ಕು ಮಾತು ಬರೆಯುತ್ತೇನೆ.

ಆಗ ಲಿವರ್ ಹೇಗಿದೆ ಅಂತ ನೋಡಲು ಬಿಎಸ್‌ಪಿ ಟೆಸ್ಟ್ ಮಾಡುತ್ತಿದ್ದೆವು. ಬ್ರೋಮೊಸಲ್ಫಾಲಿನ್ ಅನ್ನುವ ಬಣ್ಣ. ಕೆಜಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಕೈಗೆ ಡಾಕ್ಟರ್ ನಿಧಾನಕ್ಕೆ ಚುಚ್ಚುತ್ತಿದ್ದರು. ಸರಿಯಾಗಿ 45 ನಿಮಿಷ ಆದ ಮೇಲೆ ನಾನು ಇನ್ನೊಂದು ಕೈಯಿಂದ ರಕ್ತ ತೆಗೆಯುತ್ತಿದ್ದೆ. ಅದೇ ಕೈಯಿಂದ ತೆಗೆದರೆ ಸೂಜಿ ಜಾಗದಲ್ಲಿ ಅಂಟಿದ ಬಣ್ಣ ಲೆಕ್ಕ ಕೆಡಿಸುತ್ತದೆ. ಸೀರಂ ನೋಡಲು ಮಾಮೂಲಿ ಹಳದಿ. ಅದಕ್ಕೆ ಕ್ಷಾರ ಹಾಕಿದ ತಕ್ಷಣ, ಬಣ್ಣ ಉಳಿದಿದ್ದರೆ, ನೇರಳೆ ಆಗುತ್ತಿತ್ತು. ಕಲರಿಮೀಟರ್‌ನಲ್ಲಿ ಇಟ್ಟು ಎಷ್ಟು ನೇರಳೆ ಅಂತ ಓದುವುದು. ಶೇಕಡಾ 5ಕ್ಕಿಂತ ಕಡಿಮೆ ಉಳಿದಿದ್ದರೆ ಲಿವರ್ ಚೆನ್ನಾಗಿದೆ ಅಂತ ಅರ್ಥ.

ಈ ಟೆಸ್ಟ್ ಹುಟ್ಟಿದ ಕತೆ ಚೆನ್ನಾಗಿದೆ. 1909ರಲ್ಲಿ ಅಮೆರಿಕದಲ್ಲಿ ಏಬಲ್ ಮತ್ತು ರೌಂಟ್ರಿ ಅನ್ನುವವರು ಭೇದಿ ಔಷಧಿಗಳನ್ನು ಪರೀಕ್ಷೆ ಮಾಡುತ್ತಿದ್ದರು. ಫೀನಾಲ್‌ಫ್ತಲೀನ್ ಜಾತಿಯ ಬಣ್ಣಗಳು. ಅದರಲ್ಲಿ ಕ್ಲೋರಿನ್ ಸೇರಿಸಿದ ಒಂದು ಬಣ್ಣ ಮೂತ್ರಕ್ಕೆ ಹೋಗದೆ ಪಿತ್ತಕ್ಕೇ ಹೋಗುತ್ತದೆ ಅಂತ ಗೊತ್ತಾಯಿತು. ಅದರಿಂದಲೇ 1913ರಲ್ಲಿ ಲಿವರ್ ಪರೀಕ್ಷೆ ಬಂತು. 1925ರಲ್ಲಿ ರೋಸೆಂತಾಲ್ ಮತ್ತು ವೈಟ್ ಬಿಎಸ್‌ಪಿ ತಂದರು. ಐಸಿಜಿ ಬಂದಿದ್ದು ಆಮೇಲೆ, 1950ರ ದಶಕದ ಕೊನೆಯಲ್ಲಿ.

ಬಿಎಸ್‌ಪಿ ಈಗ ನಿಂತುಹೋಗಿದೆ. ನಿಂತಿದ್ದು ಒಳ್ಳೆಯದೇ. ನರದಿಂದ ಒಂಚೂರು ಹೊರಗೆ ಸೋರಿದರೂ ಕೈ ಸುಟ್ಟ ಹಾಗೆ ಉರಿಯುತ್ತಿತ್ತು. ಕೆಲವರಿಗೆ ಜೀವಕ್ಕೇ ಅಪಾಯ ಆಗುವಂಥ ಅಲರ್ಜಿ ಆಗುತ್ತಿತ್ತು. ಸೂಜಿ ಹಾಕುವ ಮುಂಚೆ ಟ್ರೇಯಲ್ಲಿ ಅಡ್ರಿನಲಿನ್ ಇದೆಯಾ ಅಂತ ನಾನು ಪ್ರತಿ ಸಲ ನೋಡುತ್ತಿದ್ದೆ.

ಬನಶಂಕರಿ ಬಿಎಸ್ಸಿ | ಭಾನುವಾರ, ಮಧ್ಯಾಹ್ನ 2.15

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ಪಕ್ಕದ ಮನೆ ಆಂಟಿ ಹೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ ಅಲ್ವಾ? ತುಪ್ಪ ಬೇಡ, ಒಪ್ಪಿದೆ. ಆದರೆ ಅವರು ಹೇಳಿದ ತರ್ಕ ತಪ್ಪಾ?

ನನ್ನ ಪುಸ್ತಕದಲ್ಲಿ ಹೀಗಿದೆ. ಪಿತ್ತ ಲವಣ, ಅಂದರೆ ಪಿತ್ತದಲ್ಲಿರುವ ಜಿಡ್ಡು ಬಿಡಿಸುವ ವಸ್ತು, ಪಿತ್ತದ ಹರಿವನ್ನು ಹೆಚ್ಚಿಸುತ್ತದೆ. ಪ್ರಾಣಿಗಳಿಗೆ ಪಿತ್ತ ಲವಣ ಕೊಟ್ಟರೆ ಲಿವರ್ ಹೊರಹಾಕುವ ಬಿಎಸ್‌ಪಿಯ ಗರಿಷ್ಠ ಪ್ರಮಾಣವೂ ಏರುತ್ತದೆ. ಎರಡನ್ನೂ ಸೇರಿಸಿದರೆ ಹರಿವು ಜಾಸ್ತಿ ಆದದ್ದಕ್ಕೆ ಬಣ್ಣ ಜಾಸ್ತಿ ಹೋಯಿತು ಅಂತ ತಾನೇ? ಮೋರಿಯಲ್ಲಿ ನೀರು ಜೋರಾಗಿ ಹರಿದರೆ ಕಸ ಕೊಚ್ಚಿಕೊಂಡು ಹೋಗುವ ಹಾಗೆ.

ಪಾಠದ ಮೇಡಂ | ಭಾನುವಾರ, ಸಂಜೆ 6.30

ಬನಶಂಕರಿಯವರೇ, ಒಳ್ಳೆಯ ಪ್ರಶ್ನೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಮೋರಿಯ ಈ ಹೋಲಿಕೆ ಕೊಡುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಸರಿಯಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಈ ವಿಷಯ ನನಗೆ ತುಂಬಾ ಇಷ್ಟ.

ಪ್ರಶ್ನೆ ಕೇಳಿದವರು ಮಲ್ಲೇಶ್ವರಂನವರು. ಅಲ್ಲಿನ ಹಳೆಯ ಮನೆಗಳನ್ನೇ ತೆಗೆದುಕೊಳ್ಳೋಣ. ಮುಂದೆ ಕ್ರಾಸ್ ರಸ್ತೆ. ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಎರಡು ಸಾಲಿನ ಮನೆಗಳ ಹಿತ್ತಿಲು ಆ ಗಲ್ಲಿಗೆ ತೆರೆದುಕೊಳ್ಳುತ್ತದೆ. ಲಿವರ್‌ನ ಒಂದೊಂದು ಜೀವಕೋಶವೂ ಹಾಗೆಯೇ. ಮುಂಬಾಗಿಲು ರಕ್ತದ ಕಡೆಗೆ. ಹಿತ್ತಿಲ ಬಾಗಿಲು ಪಿತ್ತದ ಸಂದಿಯ ಕಡೆಗೆ. ಎರಡು ಜೀವಕೋಶಗಳ ನಡುವಿನ ಆ ಸಂದಿಯಲ್ಲೇ ಪಿತ್ತ ಹುಟ್ಟುವುದು.

ಬಣ್ಣ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡು ಬರುತ್ತದೆ. ಅದಕ್ಕೇ ಕಿಡ್ನಿ ಅದನ್ನು ಸೋಸಲಾರದು. ಲಿವರ್‌ಗೆ ಬಂದಾಗ ಮುಂಬಾಗಿಲಿನ ಪ್ರೋಟೀನ್‌ಗಳು ಅದನ್ನು ಒಳಗೆ ಕರೆದುಕೊಳ್ಳುತ್ತವೆ. ಒಎಟಿಪಿ, ಎನ್‌ಟಿಸಿಪಿ ಅಂತ ಅವುಗಳ ಹೆಸರು. ಒಳಗೆ ಬಿಎಸ್‌ಪಿಗೆ ಗ್ಲುಟಾಥಯೋನ್ ಅನ್ನುವ ಸಣ್ಣ ಅಣುವಿನ ಜೋಡಣೆ ಆಗುತ್ತದೆ. ಐಸಿಜಿಗೆ ಏನೂ ಆಗುವುದಿಲ್ಲ, ಇದ್ದ ಹಾಗೇ ಇರುತ್ತದೆ. ಆಮೇಲೆ ಹಿತ್ತಿಲ ಬಾಗಿಲಿನಿಂದ ಸಂದಿಗೆ ದಬ್ಬಬೇಕು. ಸಂದಿಯಲ್ಲಿ ಬಣ್ಣ ಆಗಲೇ ದಟ್ಟವಾಗಿ ಇರುತ್ತದೆ. ದಟ್ಟ ಇರುವ ಕಡೆಗೇ ಇನ್ನೂ ದಬ್ಬಬೇಕಾದರೆ ಶಕ್ತಿ ಖರ್ಚಾಗುತ್ತದೆ. ಬಿಎಸ್‌ಪಿಯನ್ನು ದಬ್ಬುವ ಪಂಪ್‌ನ ಹೆಸರು ಎಂಆರ್‌ಪಿ2.

ಬಣ್ಣವನ್ನು ಡ್ರಿಪ್‌ನಲ್ಲಿ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಹಿತ್ತಿಲ ಬಾಗಿಲು ಸಾಲುವುದಿಲ್ಲ. ಎಷ್ಟು ಕೊಟ್ಟರೂ ನಿಮಿಷಕ್ಕೆ ಅಷ್ಟೇ ಹೊರಗೆ ಹೋಗುತ್ತದೆ. ಆರೋಗ್ಯವಂತರಲ್ಲಿ ಬಿಎಸ್‌ಪಿಗೆ ಈ ಗರಿಷ್ಠ ಮಿತಿ ನಿಮಿಷಕ್ಕೆ ಸುಮಾರು 8–9 ಮಿಲಿಗ್ರಾಂ. ಪಿತ್ತ ಲವಣ ಕೊಟ್ಟರೆ ಈ ಮಿತಿ ಏರುತ್ತದೆ. ಅದು ನಿಜ, ನಿಮ್ಮ ಪುಸ್ತಕ ಸರಿ. ಆದರೆ ಏರಿಸಿದ್ದು ಹರಿವಾ, ಪಿತ್ತ ಲವಣವಾ?

ಮೊದಲು ಹರಿವು ಹೇಗೆ ಹುಟ್ಟುತ್ತದೆ ನೋಡಿ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ಜಾಡಿಯಲ್ಲಿ ಇಟ್ಟರೆ ಮಾರನೇ ದಿನ ನೀರು ಬಿಟ್ಟಿರುತ್ತದೆ. ಉಪ್ಪು ಇದ್ದ ಕಡೆಗೆ ನೀರು ಬರುತ್ತದೆ. ಲಿವರ್ ಜೀವಕೋಶ ಪಿತ್ತ ಲವಣವನ್ನು ತನ್ನದೇ ಒಂದು ಪಂಪ್‌ನಿಂದ, ಅದರ ಹೆಸರು ಬಿಎಸ್‌ಇಪಿ, ಸಂದಿಗೆ ದಬ್ಬುತ್ತದೆ. ಅದರ ಹಿಂದೆಯೇ ನೀರು ಬರುತ್ತದೆ. ಇದು ಪಿತ್ತ ಲವಣದಿಂದ ಆಗುವ ಹರಿವು. ಗ್ಲುಟಾಥಯೋನ್, ಬೈಕಾರ್ಬೊನೇಟ್‌ಗಳ ಹಿಂದೆಯೂ ನೀರು ಬರುತ್ತದೆ. ಇದು ಪಿತ್ತ ಲವಣ ಇಲ್ಲದೆ ಆಗುವ ಹರಿವು. ಇನ್ನು ಮುಂದೆ ನಾಳಗಳಿಗೆ ಬಂದ ಮೇಲೆ ಸೆಕ್ರೆಟಿನ್ ಹಾರ್ಮೋನ್ ಹೇಳಿದಾಗ ನಾಳದ ಗೋಡೆಯೇ ಬೈಕಾರ್ಬೊನೇಟ್ ಮತ್ತು ನೀರು ಸೇರಿಸುತ್ತದೆ. ಎಲ್ಲ ಸೇರಿ ದೊಡ್ಡವರಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ಪಿತ್ತ.

ಅಂದರೆ ಹರಿವನ್ನು ಬೇರೆ ಬೇರೆ ದಾರಿಯಿಂದ ಹೆಚ್ಚಿಸಬಹುದು. ನಿಮ್ಮ ಮೋರಿ ತರ್ಕ ಸರಿ ಇದ್ದರೆ, ಯಾವ ದಾರಿಯಿಂದ ಹೆಚ್ಚಿಸಿದರೂ ಬಣ್ಣ ಜಾಸ್ತಿ ಹೋಗಬೇಕು. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಭಾಗ ನಾಳೆ ಬರೆಯುತ್ತೇನೆ. ಈಗ ಮನೆಗೆ ನೆಂಟರು ಬಂದಿದ್ದಾರೆ.

ಹೆಬ್ಬಾಳದ ವೆಟ್ | ಭಾನುವಾರ, ರಾತ್ರಿ 9.10

ಮೇಡಂ, ನಾಯಿಗಳ ಪ್ರಯೋಗದ ಬಗ್ಗೆ ನಾನು ಹೇಳಲಾ? ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಇದರ ಮೇಲೆ ಸೆಮಿನಾರ್ ಕೊಟ್ಟಿದ್ದೆ.

1960ರ ದಶಕದ ಪ್ರಯೋಗ. ನಾಯಿಗಳಿಗೆ ಅರಿವಳಿಕೆ ಕೊಟ್ಟು, ಪಿತ್ತನಾಳಕ್ಕೆ ಕೊಳವೆ ಹಾಕಿ ಪಿತ್ತ ಹೊರಗೆ ಹಿಡಿದರು. ಹೀಗೆ ಹೊರಗೆ ಹಿಡಿಯುತ್ತಾ ಹೋದರೆ ಪಿತ್ತ ಲವಣ ಕರುಳಿನಿಂದ ವಾಪಸ್ ಬರುವುದಿಲ್ಲ. ಮೈಯಲ್ಲಿರುವ ದಾಸ್ತಾನು ಖಾಲಿ ಆಗುತ್ತದೆ. ಹರಿವೂ ಇಳಿಯುತ್ತದೆ, ಬಣ್ಣದ ಮಿತಿಯೂ ಇಳಿಯುತ್ತದೆ. ಆಗ ಟಾರೊಕೊಲೇಟ್ ಅನ್ನುವ ಪಿತ್ತ ಲವಣವನ್ನು ನರಕ್ಕೆ ಕೊಟ್ಟರು. ಹರಿವು ಏರಿತು. ಬಿಎಸ್‌ಪಿ ಮಿತಿಯೂ ಏರಿತು.

ಆಮೇಲೆ ಸೆಕ್ರೆಟಿನ್ ಕೊಟ್ಟರು. ಹರಿವು ಚೆನ್ನಾಗಿ ಏರಿತು. ಆದರೆ ಬಿಎಸ್‌ಪಿ ಮಿತಿ ಏರಲಿಲ್ಲ. ಅದೇ ಬಣ್ಣ, ಜಾಸ್ತಿ ನೀರು, ಅಷ್ಟೇ. ಪಿತ್ತ ತೆಳು ಆಯಿತು.

ಬನಶಂಕರಿ ಬಿಎಸ್ಸಿ | ಭಾನುವಾರ, ರಾತ್ರಿ 9.35

ಸರ್, ಆದರೆ ಮೇಡಂ ಹೇಳಿದ ಹಾಗೆ ಸೆಕ್ರೆಟಿನ್ ನೀರು ಸೇರಿಸುವುದು ನಾಳದಲ್ಲಿ. ಅದು ಗಲ್ಲಿ ದಾಟಿದ ಮೇಲೆ ಮೇನ್ ರೋಡ್‌ನಲ್ಲಿ ನೀರು ಬಿಟ್ಟ ಹಾಗೆ. ಗಲ್ಲಿಯೊಳಗೆ, ಹಿತ್ತಿಲ ಬಾಗಿಲಿನ ಮುಂದೆಯೇ ನೀರು ಜಾಸ್ತಿ ಆದರೆ? ಅಲ್ಲಿನ ಬಣ್ಣ ತೆಳು ಆಗಿ, ಪಂಪ್‌ಗೆ ದಬ್ಬುವುದು ಸುಲಭ ಆಗಬೇಕಲ್ವಾ? ಸೆಕ್ರೆಟಿನ್ ಪ್ರಯೋಗದಿಂದ ನನ್ನ ಮಾತು ಪೂರ್ತಿ ಬಿದ್ದುಹೋಗುವುದಿಲ್ಲ.

ಹೆಬ್ಬಾಳದ ವೆಟ್ | ಭಾನುವಾರ, ರಾತ್ರಿ 9.50

ಒಪ್ಪಿದೆ. ಇದು ಸರಿಯಾದ ಆಕ್ಷೇಪಣೆ. ಮೇಡಂ ಉತ್ತರಕ್ಕೆ ಕಾಯೋಣ.

ಪಾಠದ ಮೇಡಂ | ಸೋಮವಾರ, ಬೆಳಿಗ್ಗೆ 7.00

ಬನಶಂಕರಿಯವರೇ, ನೀವು ಕೇಳಿದ್ದನ್ನೇ ಆ ಕಾಲದ ಸಂಶೋಧಕರೂ ಕೇಳಿಕೊಂಡರು. ಹಾಗಾಗಿ 1970ರ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಪಿತ್ತ ಲವಣ ಅಲ್ಲದ, ಆದರೆ ಸಂದಿಯಲ್ಲಿಯೇ ಹರಿವು ಹೆಚ್ಚಿಸುವ ಒಂದು ಔಷಧಿಯನ್ನು ನಾಯಿಗಳಿಗೆ ಕೊಟ್ಟರು. ಗಲ್ಲಿಯೊಳಗೇ ನೀರು ಜಾಸ್ತಿ ಆಯಿತು. ಆದರೂ ಬಿಎಸ್‌ಪಿಯ ಮಿತಿ ಏರಲಿಲ್ಲ. ಅದೇ ನಾಯಿಗಳಲ್ಲಿ ಟಾರೊಕೊಲೇಟ್ ಏರಿಸುತ್ತಿತ್ತು.

ಮೋರಿಯ ಹೋಲಿಕೆ ತಪ್ಪುವುದು ಇಲ್ಲಿ. ಗಲ್ಲಿಯಲ್ಲಿ ಎಷ್ಟೇ ನೀರು ಹರಿಯಲಿ, ಹಿತ್ತಿಲ ಬಾಗಿಲು ಕಿರಿದಾಗಿದ್ದರೆ ಮನೆಯೊಳಗಿನ ಸಾಮಾನು ಬೇಗ ಹೊರಗೆ ಬರುವುದಿಲ್ಲ. ಪಿತ್ತ ಲವಣ ಬಾಗಿಲಿಗೇ ಏನೋ ಮಾಡುತ್ತದೆ.

ಏನು ಮಾಡುತ್ತದೆ? ಎರಡು ಸಂಗತಿ ಹೇಳುತ್ತೇನೆ.

ಲಿವರ್ ಜೀವಕೋಶದೊಳಗೆ ಸಣ್ಣ ಗುಳ್ಳೆಗಳಲ್ಲಿ ಪಂಪ್‌ಗಳು ಸಿದ್ಧವಾಗಿ ಕಾದಿರುತ್ತವೆ. ಟಾರೊಕೊಲೇಟ್ ಬಂದಾಗ ಆ ಗುಳ್ಳೆಗಳು ಹಿತ್ತಿಲ ಗೋಡೆಗೆ ಹೋಗಿ ಸೇರಿಕೊಳ್ಳುತ್ತವೆ. ಇಲಿಗಳ ಲಿವರ್‌ನಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಹಬ್ಬದ ದಿನ ಜನ ಜಾಸ್ತಿ ಬಂದರೆ ದೇವಸ್ಥಾನದವರು ಮುಚ್ಚಿಟ್ಟಿದ್ದ ಇನ್ನೊಂದು ಬಾಗಿಲು ತೆಗೆಯುತ್ತಾರಲ್ಲ, ಹಾಗೆ. ಊಟ ಆದ ಮೇಲೆ ಪಿತ್ತ ಲವಣದ ದೊಡ್ಡ ಅಲೆ ಕರುಳಿನಿಂದ ವಾಪಸ್ ಬರುತ್ತದೆ. ಅದನ್ನು ಸಂಭಾಳಿಸಲು ಲಿವರ್‌ಗೆ ಈ ಏರ್ಪಾಡು ಬೇಕು. ಆ ಸಮಯದಲ್ಲಿ ಬಣ್ಣಕ್ಕೂ ಅನುಕೂಲ ಆಗುತ್ತದೆ.

ಎರಡನೆಯದು ಐಸಿಜಿಗೆ ಮುಖ್ಯ. ಪಿತ್ತ ಲವಣ ಸೀಗೆಕಾಯಿ, ಅಂಟುವಾಳದ ಹಾಗೆ. ಜಿಡ್ಡನ್ನು ಬಿಡಿಸುತ್ತದೆ. ಹಿತ್ತಿಲ ಗೋಡೆಯ ಹೊರಮೈಯಿಂದ ಫಾಸ್ಫೊಲಿಪಿಡ್ ಅನ್ನುವ ಜಿಡ್ಡನ್ನು ಎಬ್ಬಿಸಿ ಪಿತ್ತಕ್ಕೆ ತರುತ್ತದೆ. ಆ ಜಿಡ್ಡನ್ನು ಒಳಮೈಯಿಂದ ಹೊರಮೈಗೆ ಮಗುಚಿ ಹಾಕುವ ಪ್ರೋಟೀನ್ ಬೇರೆ ಇದೆ. ಮನುಷ್ಯರಲ್ಲಿ ಅದರ ಹೆಸರು ಎಂಡಿಆರ್3. ಅದಕ್ಕೆ ಸಮನಾದ ಪ್ರೋಟೀನ್ ಇಲ್ಲದ ಇಲಿಗಳ ಪಿತ್ತದಲ್ಲಿ ಫಾಸ್ಫೊಲಿಪಿಡ್ ಇರುವುದೇ ಇಲ್ಲ ಅನ್ನಬಹುದು. ಅಂಥ ಇಲಿಗಳಿಗೆ ಐಸಿಜಿ ಕೊಟ್ಟಾಗ ಅದು ಪಿತ್ತಕ್ಕೆ ಬಂದದ್ದು ತುಂಬಾ ಕಡಿಮೆ. ಹಾಗಾಗಿ ಎಲ್ಲ ಬಣ್ಣಕ್ಕೂ ಒಂದೇ ನಿಯಮ ಅಂತ ಅಂದುಕೊಳ್ಳಬೇಡಿ. ಬಿಎಸ್‌ಪಿಯ ಬಾಗಿಲು ಬೇರೆ, ಐಸಿಜಿಯ ದಾರಿ ಬೇರೆ.

ಇನ್ನೊಂದು ಮುಖವೂ ಇದೆ. ಮುಂಬಾಗಿಲಿನಲ್ಲಿ ಪಿತ್ತ ಲವಣವೂ ಬಣ್ಣವೂ ಒಂದೇ ಪ್ರೋಟೀನ್‌ಗಳನ್ನು ಬಳಸುತ್ತವೆ. ಅಲ್ಲಿ ಪೈಪೋಟಿ. ಪಿತ್ತನಾಳ ಕಟ್ಟಿ ಕಾಮಾಲೆ ಆದವರ ರಕ್ತದಲ್ಲಿ ಪಿತ್ತ ಲವಣ, ಕಣ್ಣು ಹಳದಿ ಮಾಡುವ ಬಿಲಿರುಬಿನ್ ಎರಡೂ ಏರಿರುತ್ತವೆ. ಅವು ಬಾಗಿಲಲ್ಲೇ ಬಣ್ಣವನ್ನು ತಡೆಯುತ್ತವೆ. ಅಂದರೆ ಒಂದೇ ಪಿತ್ತ ಲವಣ ಹಿತ್ತಿಲಲ್ಲಿ ಬಣ್ಣಕ್ಕೆ ನೆರವಾಗುತ್ತದೆ, ಮುಂಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ಅತಿಯಾದರೆ ಜೀವಕೋಶಕ್ಕೇ ವಿಷ. ಲಿಥೊಕೊಲೇಟ್ ಜಾತಿಯ ಪಿತ್ತ ಲವಣವಂತೂ ಹರಿವನ್ನೇ ನಿಲ್ಲಿಸುತ್ತದೆ.

ಬನಶಂಕರಿ ಬಿಎಸ್ಸಿ | ಸೋಮವಾರ, ಬೆಳಿಗ್ಗೆ 8.25

ಮೇಡಂ, ಈಗ ಅರ್ಥ ಆಯಿತು. ಎರಡೂ ಒಟ್ಟಿಗೆ ಏರಿದವು ಅಂತ ಒಂದಕ್ಕೆ ಇನ್ನೊಂದು ಕಾರಣ ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್.

ಕೆಂಗೇರಿ ಅಪ್ಪ | ಸೋಮವಾರ, ರಾತ್ರಿ 10.40

ಕೆಲಸ ಮುಗಿಸಿ ಬಂದು ಎಲ್ಲವನ್ನೂ ಎರಡು ಸಲ ಓದಿದೆ. ನನ್ನ ಮಗಳ ವಿಷಯ ಇದಕ್ಕೆ ಹತ್ತಿರ ಇದೆ. ಅದಕ್ಕೇ ಕೇಳುತ್ತಿದ್ದೇನೆ.

ಅವಳು ಹುಟ್ಟಿ ಒಂದು ತಿಂಗಳಾದರೂ ಕಣ್ಣು ಹಳದಿ ಹೋಗಲಿಲ್ಲ. ಮೊದಲು ತೋರಿಸಿದ ಕಡೆ ಬಿಸಿಲಿಗೆ ಹಿಡಿಯಿರಿ, ಸರಿ ಹೋಗುತ್ತದೆ ಅಂದರು. ಮಲ ಬೆಳ್ಳಗೆ, ಸುಣ್ಣದ ಹಾಗೆ ಬರುತ್ತಿತ್ತು. ನಮ್ಮ ಅತ್ತೆ ಅದನ್ನು ನೋಡಿ ಇದು ಸರಿ ಇಲ್ಲ ಅಂತ ಹಟ ಹಿಡಿದು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹೈಡಾ ಸ್ಕ್ಯಾನ್ ಮಾಡಬೇಕು ಅಂದರು. ಅದಕ್ಕೆ ಮುಂಚೆ 5 ದಿನ ಫಿನೋಬಾರ್ಬಿಟೋನ್ ಕೊಡಿ ಅಂದರು. ಅಂಗಡಿಯಲ್ಲಿ ಕೇಳಿದರೆ ಇದು ಫಿಟ್ಸ್ ಔಷಧಿ ಅಂದ. ಆ ರಾತ್ರಿ ನಾನೂ ನನ್ನ ಹೆಂಡತಿಯೂ ನಿದ್ದೆ ಮಾಡಲಿಲ್ಲ. ಮಗುವಿಗೆ ಫಿಟ್ಸ್ ಇಲ್ಲವಲ್ಲ, ಯಾಕೆ ಕೊಡುತ್ತಿದ್ದಾರೆ ಅಂತ. ಕೇಳಿದಾಗ, ಪಿತ್ತ ಹರಿಯಲಿ ಅಂತ ಅಂದರು.

ಮೇಡಂ, ಹರಿವು ಜಾಸ್ತಿ ಆದರೆ ಬಣ್ಣ ಜಾಸ್ತಿ ಹೋಗುವುದಿಲ್ಲ ಅಂತ ನೀವು ಹೇಳಿದ್ದೀರಿ. ಹಾಗಾದರೆ ಅವಳಿಗೆ ಆ ಔಷಧಿ ಯಾಕೆ ಕೊಟ್ಟರು?

ಪಾಠದ ಮೇಡಂ | ಸೋಮವಾರ, ರಾತ್ರಿ 11.20

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಲದ ಬಣ್ಣ ನೋಡಿ ಹಟ ಹಿಡಿದರಲ್ಲ, ಅದು ದೊಡ್ಡ ವಿಷಯ. ಮಲಕ್ಕೆ ಆ ಕಂದು, ಹಳದಿ ಬರುವುದು ಪಿತ್ತದಿಂದ. ಬೆಳ್ಳಗಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಅಂತ.

ಹೈಡಾ ಸ್ಕ್ಯಾನ್‌ನಲ್ಲಿ ಕೊಡುವುದು ಕಣ್ಣಿಗೆ ಕಾಣುವ ಬಣ್ಣ ಅಲ್ಲ. ವಿಕಿರಣ ಸೂಸುವ ಟೆಕ್ನೀಶಿಯಂ ಸೇರಿಸಿದ ಒಂದು ವಸ್ತು. ಆದರೆ ದಾರಿ ಇದೇ: ಮುಂಬಾಗಿಲು, ಹಿತ್ತಿಲ ಬಾಗಿಲು, ಸಂದಿ, ನಾಳ, ಕರುಳು. 1950ರ ದಶಕದಲ್ಲಿ ರೋಸ್ ಬೆಂಗಾಲ್ ಅನ್ನುವ ಬಣ್ಣಕ್ಕೇ ವಿಕಿರಣ ಸೂಸುವ ಅಯೋಡಿನ್ ಸೇರಿಸಿ ಈ ಕೆಲಸ ಮಾಡುತ್ತಿದ್ದರು.

ಫಿನೋಬಾರ್ಬಿಟೋನ್ ಹರಿವು ಹೆಚ್ಚಿಸುತ್ತದೆ. ಅದೂ ಪಿತ್ತ ಲವಣ ಇಲ್ಲದೆ ಆಗುವ ಹರಿವು. ಇದು ನನ್ನ ಮಾತಿಗೆ ವಿರುದ್ಧ ಅನ್ನಿಸುವುದು ಸಹಜ. ಆದರೆ ಆ ಔಷಧಿ ಹರಿವನ್ನು ಮಾತ್ರ ಮುಟ್ಟುವುದಿಲ್ಲ. ಕೆಲವು ದಿನ ಕೊಟ್ಟರೆ ಜೀವಕೋಶದ ಇಡೀ ಕಾರ್ಖಾನೆಯನ್ನೇ ಚುರುಕು ಮಾಡುತ್ತದೆ. ಒಳಗೆ ತೆಗೆದುಕೊಳ್ಳುವುದು, ಒಳಗೆ ಹಿಡಿದಿಡುವ ಪ್ರೋಟೀನ್, ಜೋಡಣೆ ಮಾಡುವ ಕಿಣ್ವ, ಹೊರಗೆ ದಬ್ಬುವುದು, ಎಲ್ಲವೂ. ಅದಕ್ಕೇ 5 ದಿನ ಬೇಕು. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ.

ಸ್ಕ್ಯಾನ್‌ನಲ್ಲಿ ಉತ್ತರ ಬೇಕಾದ ಪ್ರಶ್ನೆ ಒಂದೇ. ಆ ವಸ್ತು ಕರುಳಿಗೆ ಬಂತಾ, ಇಲ್ಲವಾ? ಲಿವರ್ ಸುಸ್ತಾಗಿ ಬಾರದೆ ಇದ್ದದ್ದನ್ನು ನಾಳವೇ ಇಲ್ಲ ಅಂತ ತಪ್ಪು ತಿಳಿಯಬಾರದು. ಅದಕ್ಕೆ ಲಿವರ್‌ಗೆ ಪೂರ್ತಿ ಅವಕಾಶ ಕೊಟ್ಟು, 24 ಗಂಟೆಯವರೆಗೂ ಚಿತ್ರ ತೆಗೆಯುತ್ತಾರೆ. ಆಗಲೂ ಬರದಿದ್ದರೆ ಬಿಲಿಯರಿ ಅಟ್ರೇಸಿಯಾ, ಅಂದರೆ ಪಿತ್ತನಾಳವೇ ಮುಚ್ಚಿಹೋಗಿರುವ ಕಾಯಿಲೆ, ಇರಬಹುದು ಅಂತ ಮುಂದಿನ ಪರೀಕ್ಷೆಗೆ ಹೋಗುತ್ತಾರೆ. ಅದಿದ್ದರೆ ಕರುಳನ್ನು ಲಿವರ್‌ಗೇ ಜೋಡಿಸುವ ಕಸಾಯಿ ಆಪರೇಷನ್ ಬೇಕು (ಕಸಾಯಿ ಅನ್ನುವುದು ಜಪಾನಿನ ಸರ್ಜನ್ ಒಬ್ಬರ ಹೆಸರು). 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ. ಹಾಗಾಗಿ ಒಂದೊಂದು ದಿನವೂ ಮುಖ್ಯ.

ಮಗು ಈಗ ಹೇಗಿದ್ದಾಳೆ?

ಕೆಂಗೇರಿ ಅಪ್ಪ | ಸೋಮವಾರ, ರಾತ್ರಿ 11.35

ಕರುಳಿಗೆ ಬಂತು ಮೇಡಂ. ತಡವಾಗಿ ಬಂತು, ಆದರೆ ಬಂತು. ನಾಳ ಸರಿ ಇತ್ತು. ಕೆಲವು ತಿಂಗಳು ಔಷಧಿ ಕೊಟ್ಟರು. ಈಗ ಯುಕೆಜಿ ಓದುತ್ತಿದ್ದಾಳೆ. ಆ 5 ದಿನದ ಔಷಧಿ ಯಾಕೆ ಅಂತ ಇವತ್ತು ಗೊತ್ತಾಯಿತು.

ಹಳೇ ಲ್ಯಾಬ್ ಟೆಕ್ನಿಷಿಯನ್ | ಮಂಗಳವಾರ, ಬೆಳಿಗ್ಗೆ 9.15

ಕೆಂಗೇರಿಯವರೇ, ಮಗುವಿಗೆ ದೇವರು ಒಳ್ಳೆಯದು ಮಾಡಲಿ. ಓದಿ ಕಣ್ಣು ತುಂಬಿ ಬಂತು.

ಹಿತ್ತಿಲ ಬಾಗಿಲು ಅಂದಾಗ ನನಗೆ ಒಬ್ಬ ಹುಡುಗ ನೆನಪಾದ. 20ರ ವಯಸ್ಸು. ಕಣ್ಣು ಸ್ವಲ್ಪ ಹಳದಿ, ಬೇರೆ ಏನೂ ತೊಂದರೆ ಇಲ್ಲ. 45 ನಿಮಿಷದ ರಕ್ತದಲ್ಲಿ ಬಿಎಸ್‌ಪಿ ಹೆಚ್ಚುಕಡಿಮೆ ಸರಿಯಾಗಿತ್ತು. ಡಾಕ್ಟರ್ 90 ನಿಮಿಷಕ್ಕೆ ಇನ್ನೊಂದು ಸಲ ತೆಗೆಯಲು ಹೇಳಿದ್ದರು. ಅದರಲ್ಲಿ ಇಳಿಯುವ ಬದಲು ಏರಿತ್ತು. ನಾನು ಟ್ಯೂಬ್ ಅದಲುಬದಲು ಮಾಡಿದ್ದೇನೆ ಅಂತ ಮೇಲಿನವರು ಎಲ್ಲರ ಮುಂದೆ ಬೈದರು. ಎರಡು ಸಲ ಮತ್ತೆ ಓದಿದೆ. ಅದೇ ಉತ್ತರ. ಸಂಜೆ ಆ ಡಾಕ್ಟರ್ ಲ್ಯಾಬ್‌ಗೆ ಬಂದು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಇದು ಡುಬಿನ್–ಜಾನ್ಸನ್ ಇರಬೇಕು. 1954ರಲ್ಲಿ ಗುರುತಿಸಿದ ಕಾಯಿಲೆ. ಬಣ್ಣ ಲಿವರ್ ಒಳಗೆ ಹೋಗುತ್ತದೆ, ಜೋಡಣೆಯೂ ಆಗುತ್ತದೆ, ಆದರೆ ಪಿತ್ತಕ್ಕೆ ಹೋಗಲಾರದೆ ವಾಪಸ್ ರಕ್ತಕ್ಕೇ ಬರುತ್ತದೆ ಅಂದರು.

ಪಾಠದ ಮೇಡಂ | ಮಂಗಳವಾರ, ಬೆಳಿಗ್ಗೆ 9.50

ಸರ್, ನಿಮ್ಮ ಟ್ಯೂಬ್ ಸರಿಯಾಗೇ ಇತ್ತು. ಆ ಕಾಯಿಲೆಯಲ್ಲಿ ಕೆಟ್ಟಿರುವುದು ಎಂಆರ್‌ಪಿ2 ಅಂತ 1990ರ ದಶಕದಲ್ಲಿ ಗೊತ್ತಾಯಿತು. ಮುಂಬಾಗಿಲು ಸರಿ, ಹಿತ್ತಿಲ ಬಾಗಿಲಿಗೆ ಬೀಗ. ಇವರಲ್ಲಿ ಪಿತ್ತ ಲವಣದ ಪಂಪ್ ಬೇರೆಯಾಗಿರುವುದರಿಂದ ಅದು ಚೆನ್ನಾಗೇ ಇರುತ್ತದೆ. ಪಿತ್ತ ಹರಿಯುತ್ತಲೇ ಇರುತ್ತದೆ, ಮೈ ತುರಿಕೆಯೂ ಇರುವುದಿಲ್ಲ. ಆದರೂ ಬಿಎಸ್‌ಪಿ ಹೊರಗೆ ಹೋಗುವುದಿಲ್ಲ. ಹರಿವು ಬೇರೆ, ಬಾಗಿಲು ಬೇರೆ ಅನ್ನುವುದಕ್ಕೆ ಮನುಷ್ಯರಲ್ಲಿ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಹೆಬ್ಬಾಳದ ವೆಟ್ | ಮಂಗಳವಾರ, ಮಧ್ಯಾಹ್ನ 1.30

ಇದೇ ಕಾಯಿಲೆ ಕೊರಿಡೇಲ್ ಅನ್ನುವ ಕುರಿ ತಳಿಯಲ್ಲಿಯೂ ಇದೆ. ಡುಬಿನ್–ಜಾನ್ಸನ್ ಇರುವ ಮನುಷ್ಯರ ಹಾಗೆಯೇ ಆ ಕುರಿಗಳ ಲಿವರ್ ಕಪ್ಪಗಿರುತ್ತದೆ.

ಮಲ್ಲೇಶ್ವರಂ ಮಗಳು | ಮಂಗಳವಾರ, ಸಂಜೆ 7.45

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಹಿತ್ತಿಲ ಬಾಗಿಲಿನ ಕತೆ ಹೇಳಿದೆ. ಅವರು ಹುಟ್ಟಿ ಬೆಳೆದದ್ದು 8ನೇ ಕ್ರಾಸ್‌ನ ಅಂಥದೇ ಮನೆಯಲ್ಲಿ. ತಕ್ಷಣ ಅರ್ಥ ಆಯಿತು.

ಆದರೆ ಅವರದು ಇನ್ನೊಂದು ಪ್ರಶ್ನೆ. ಎರಡು ವಾರ ಗಂಜಿ ಕುಡಿದದ್ದಕ್ಕೆ ಪಿತ್ತ ಲವಣ ಕಡಿಮೆ ಆಗಿ, ಹಿತ್ತಿಲ ಬಾಗಿಲೂ ಕಡಿಮೆ ಆಗಿದ್ದರೆ? ಬಣ್ಣ ಒಳಗೇ ನಿಂತುಬಿಡುತ್ತದಾ? ಅವರಿಗೆ ಉರ್ಸೊ ಮಾತ್ರೆಯೂ ಬರೆದುಕೊಟ್ಟಿದ್ದಾರೆ. ಅದೂ ಪಿತ್ತ ಹರಿಯಲು ಅಂತ ಕೇಳಿದೆ.

ಪಾಠದ ಮೇಡಂ | ಮಂಗಳವಾರ, ರಾತ್ರಿ 8.30

ಅಮ್ಮ ಸರಿಯಾದ ಜಾಗದಲ್ಲೇ ಪ್ರಶ್ನೆ ಕೇಳಿದ್ದಾರೆ. ಸಮಾಧಾನ ಹೇಳಿ.

ಈ ಬಾಗಿಲಿನ ಮಿತಿ ಲೆಕ್ಕಕ್ಕೆ ಬರುವುದು ಬಣ್ಣದ ರಾಶಿಯೇ ಬಂದಾಗ. ಪ್ರಯೋಗಗಳಲ್ಲಿ ಗಂಟೆಗಟ್ಟಲೆ ಬಣ್ಣ ಏರಿಸುತ್ತಾ ಬಾಗಿಲನ್ನು ತುಂಬಿಸಿಬಿಡುತ್ತಾರೆ. ಆಗ ಪಿತ್ತ ಲವಣ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ. ಅಮ್ಮನಿಗೆ ಕೊಡುವುದು 2.5 ಮಿಲಿಗ್ರಾಂ ಆಸುಪಾಸು. ಲಿವರ್ ಪರೀಕ್ಷೆಗೆ ಐಸಿಜಿ ಕೊಡುವಾಗ ಕೆಜಿಗೆ ಅರ್ಧ ಮಿಲಿಗ್ರಾಂ ಕೊಡುತ್ತಾರೆ. 60 ಕೆಜಿ ಇದ್ದವರಿಗೆ 30 ಮಿಲಿಗ್ರಾಂ ಆಯಿತು. ಅದನ್ನೂ ಒಳ್ಳೆಯ ಲಿವರ್ ಸಲೀಸಾಗಿ ತೆಗೆಯುತ್ತದೆ. 15 ನಿಮಿಷದ ಹೊತ್ತಿಗೆ ರಕ್ತದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಉಳಿದಿರುತ್ತದೆ. ಜಪಾನಿನ ಸರ್ಜನ್‌ಗಳು ಲಿವರ್‌ನ ಎಷ್ಟು ಭಾಗ ಕತ್ತರಿಸಬಹುದು ಅಂತ ನಿರ್ಧಾರ ಮಾಡಲು ಇದೇ ಸಂಖ್ಯೆ ನೋಡುತ್ತಾರೆ. ಅಮ್ಮನ ಸಣ್ಣ ಡೋಸ್‌ಗೆ ಬಾಗಿಲಲ್ಲಿ ನೂಕುನುಗ್ಗಲೇ ಇಲ್ಲ. ಅಲ್ಲಿ ಮುಖ್ಯ ಆಗುವುದು ಲಿವರ್‌ಗೆ ರಕ್ತ ಎಷ್ಟು ಬರುತ್ತದೆ, ಮುಂಬಾಗಿಲು ಹೇಗಿದೆ ಅನ್ನುವುದು.

ಗಂಜಿ ಕುಡಿದರೂ ಪಿತ್ತ ಲವಣ ಖಾಲಿ ಆಗುವುದಿಲ್ಲ. ಮೈಯಲ್ಲಿ ಒಟ್ಟು 2–4 ಗ್ರಾಂ ಇರುತ್ತದೆ. ಕರುಳಿಗೆ ಬಂದದ್ದರಲ್ಲಿ ಶೇಕಡಾ 95ರಷ್ಟು ವಾಪಸ್ ಹೋಗುತ್ತದೆ. ಕಳೆದುಹೋದ ಅರ್ಧ ಗ್ರಾಂ ಅಷ್ಟನ್ನು ಲಿವರ್ ದಿನವೂ ಹೊಸದಾಗಿ ಮಾಡುತ್ತದೆ. ಉಪವಾಸದಲ್ಲಿ ಜಾಸ್ತಿ ಭಾಗ ಪಿತ್ತಕೋಶದಲ್ಲಿ ನಿಂತಿರುತ್ತದೆ. ಬುಧವಾರ ರಾತ್ರಿ ಉಪವಾಸದಲ್ಲಿ ಹಸಿರು ಪಿತ್ತ ಪಿತ್ತಕೋಶಕ್ಕೂ ಹೋಗಿ ಕೂರುತ್ತದೆ. ಕಲ್ಲು ಅದರ ಬಾಯಿ ಮುಚ್ಚಿದ್ದರೆ ಪಿತ್ತಕೋಶ ಹೊಳೆಯದೆ ಇರಬಹುದು. ಮುಖ್ಯ ನಾಳ ಆಗಲೂ ಕಾಣುತ್ತದೆ.

ಉರ್ಸೊ ಕೂಡ ಒಂದು ಪಿತ್ತ ಲವಣವೇ, ಸೌಮ್ಯವಾದದ್ದು. ಹರಿವು ಹೆಚ್ಚಿಸುತ್ತದೆ. ಪಂಪ್‌ಗಳನ್ನು ಹಿತ್ತಿಲ ಗೋಡೆಗೆ ಕಳಿಸುವುದರಲ್ಲಿಯೂ ಅದರ ಕೈ ಇದೆ. ನೀವಾಗಿ ನಿಲ್ಲಿಸುವುದು, ಜಾಸ್ತಿ ತೆಗೆದುಕೊಳ್ಳುವುದು ಬೇಡ. ಆಪರೇಷನ್ ದಿನ ಬೆಳಿಗ್ಗೆ ತೆಗೆದುಕೊಳ್ಳಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ.

ಓಟಿ ಸಿಸ್ಟರ್ | ಮಂಗಳವಾರ, ರಾತ್ರಿ 9.00

ಅಯೋಡಿನ್ ವಿಷಯ ಕೇಳಿದಿರಾ?

ಮಲ್ಲೇಶ್ವರಂ ಮಗಳು | ಮಂಗಳವಾರ, ರಾತ್ರಿ 9.05

ಫೋನ್ ಮಾಡಿ ಹೇಳಿದೆ ಸಿಸ್ಟರ್. ಅಮ್ಮನಿಗೆ ಅಲರ್ಜಿ ಇಲ್ಲ. ಫೈಲ್‌ನಲ್ಲಿ ಬರೆದುಕೊಂಡರು.

ಮಲ್ಲೇಶ್ವರಂ ಮಗಳು | ಶುಕ್ರವಾರ, ಬೆಳಿಗ್ಗೆ 11.10

ಆಪರೇಷನ್ ಚೆನ್ನಾಗಿ ಆಯಿತು. ಸರ್ಜನ್ ಹೊರಗೆ ಬಂದು ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ನಾಳ ಹಸಿರಾಗಿ, ದಾರದ ಹಾಗೆ ಎದ್ದು ಕಾಣುತ್ತಿತ್ತು. ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಟ್ಟಬಾರದು ಅಂತ ಇದರಿಂದ ಗೊತ್ತಾಯಿತು ಅಂದರು.

ಅಮ್ಮ ಎದ್ದು ಕೂತಿದ್ದಾರೆ. ಈಗ ಕೇಳುತ್ತಿದ್ದಾರೆ: ಪಿತ್ತಕೋಶ ತೆಗೆದರಲ್ಲ, ಇನ್ನು ಮೇಲೆ ಪಿತ್ತ ಎಲ್ಲಿ ನಿಲ್ಲುತ್ತದೆ?

ಓಟಿ ಸಿಸ್ಟರ್ | ಶುಕ್ರವಾರ, ಮಧ್ಯಾಹ್ನ 12.00

ತುಂಬಾ ಸಂತೋಷ. ಒಂದು ಸಣ್ಣ ವಿಷಯ: ಐಸಿಜಿ ಸೂಸುವ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅದು ಕೆಂಪಿನ ಆಚೆಗಿನದು. ಪರದೆಯ ಮೇಲಿನ ಹಸಿರು ಕ್ಯಾಮೆರಾ ಕೊಟ್ಟಿದ್ದು.

ಪಾಠದ ಮೇಡಂ | ಶುಕ್ರವಾರ, ಸಂಜೆ 5.40

ಒಳ್ಳೆಯ ಸುದ್ದಿ. ಅಮ್ಮನಿಗೆ ಹೇಳಿ: ಇನ್ನು ಪಿತ್ತ ನಿಲ್ಲುವ ಜಾಗ ಇಲ್ಲ, ಹೊತ್ತಿಲ್ಲದ ಹೊತ್ತಿನಲ್ಲೂ ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತಿರುತ್ತದೆ. ಪಿತ್ತ ಲವಣವೂ ಹಾಗೇ ರಾತ್ರಿಯೆಲ್ಲ ಲಿವರ್‌ಗೂ ಕರುಳಿಗೂ ಸುತ್ತು ಹೊಡೆಯುತ್ತದೆ. ಕೆಲವರಿಗೆ ಮೊದಮೊದಲು ಮಲ ತೆಳ್ಳಗಾಗುತ್ತದೆ. ಜಾಸ್ತಿ ದಿನ ಹಾಗೇ ಇದ್ದರೆ, ಅಥವಾ ಕಣ್ಣು ಹಳದಿ ಆದರೆ, ಜ್ವರ ಬಂದರೆ, ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.